ಲೆಕ್ಕಕ್ಕಿಲ್ಲದ ಡಬ್ಬಿ

೧೪ ಮಾರ್ಚ್ ೧೯೯೬

ಉಗ್ರಾಣದ ಮೇಲ್ವಿಚಾರಕರಿಗೆ ನಮಸ್ಕಾರಗಳು.

ನಾನು ಕ್ಷೇಮವಾಗಿ ಊರು ಸೇರಿದೆ. ನನ್ನ ಪೆಟ್ಟಿಗೆ ಮಾತ್ರ ಮೂರು ದಿನ ಬೇರೆ ಯಾವುದೋ ದೇಶ ಸುತ್ತಿಕೊಂಡು ಬಂತು. ಎರಡು ವಾರ ನೀವೂ ನಿಮ್ಮ ಜೊತೆಗಾರರೂ ಕೊಟ್ಟ ಸಹಕಾರಕ್ಕೆ ನಮ್ಮ ಪ್ರಯೋಗಾಲಯದ ಪರವಾಗಿ ಕೃತಜ್ಞತೆಗಳು.

ಜೋಡಿಸಿಕೊಟ್ಟ ಹೊಸ ತಕ್ಕಡಿಯನ್ನು ಪ್ರತಿ ಸೋಮವಾರ ಪರೀಕ್ಷಿಸಿ. ಒಂದೇ ಡಬ್ಬಿಯನ್ನು ಹತ್ತು ಸಲ ಇಟ್ಟು ತೆಗೆದು ಹತ್ತೂ ಅಂಕಿಗಳನ್ನು ಬರೆದುಕೊಳ್ಳಿ. ಪಕ್ಕದ ಪಂಪಿನ ಕಂಪನದಿಂದ ಅವು ಒಂದೇ ಆಗಿರುವುದಿಲ್ಲ, ಗಾಬರಿ ಬೇಡ. ತಿಂಗಳ ಕೊನೆಗೆ ಪುಸ್ತಕದ ಪ್ರಕಾರ ಇರಬೇಕಾದ ಯುರೇನಿಯಂ ಪುಡಿ ಎಷ್ಟು, ತೂಗಿದಾಗ ಸಿಕ್ಕಿದ್ದೆಷ್ಟು, ವ್ಯತ್ಯಾಸವೆಷ್ಟು ಎಂಬ ಮೂರು ಅಂಕಿಗಳನ್ನು ನನಗೆ ಕಳಿಸಬೇಕೆಂದು ನಮ್ಮ ಎರಡು ಸರ್ಕಾರಗಳ ಒಪ್ಪಂದದಲ್ಲಿದೆ. ಇಂಥ ಪುಡಿ ಇಷ್ಟಿಷ್ಟೇ ಸೋರಿ ಕೆಟ್ಟವರ ಕೈಯಲ್ಲಿ ಒಟ್ಟಾದರೆ ಒಂದು ಪಟ್ಟಣವನ್ನೇ ಇಲ್ಲವಾಗಿಸಬಹುದು. ಅದಕ್ಕೇ ಒಂದೊಂದು ಗ್ರಾಂಗೂ ಲೆಕ್ಕ. ಇದು ನಿಮಗೆ ಗೊತ್ತಿರುವುದೇ.

ಇಂತಿ,
ಮಾಪನ ವಿಭಾಗದ ವಿಜ್ಞಾನಿ

*

೨೦ ಏಪ್ರಿಲ್ ೧೯೯೬

ದೂರದ ತಂಗಿಗೆ,

ಹೀಗೆ ಕರೆದರೆ ಸಿಟ್ಟಾಗಬೇಡಿ. ನಿಮ್ಮ ವಯಸ್ಸಿನ ತಂಗಿಯೊಬ್ಬಳು ನನಗಿದ್ದಾಳೆ, ಅವಳೂ ಹೀಗೇ, ಎದುರಿಗಿದ್ದವರು ಏನು ಹೇಳಿದರೂ ಪುಸ್ತಕ ತೆಗೆದು ಬರೆದುಕೊಳ್ಳುತ್ತಾಳೆ. ನನ್ನನ್ನು ಮೇಲ್ವಿಚಾರಕ ಎನ್ನಬೇಡಿ. ಆ ಹೆಸರಿಗೆ ಕಾಗದ ಬಂದರೆ ಕೆಲಸ ಹೋಯಿತೆಂದು ಮನೆಯವಳು ಎದೆ ಹಿಡಿದುಕೊಳ್ಳುತ್ತಾಳೆ. ಇಡೀ ಕಾರ್ಖಾನೆಗೆ ನಾನು ತಕ್ಕಡಿಯಣ್ಣ.

ನಿಮ್ಮ ತಕ್ಕಡಿ ಬಲು ನಾಜೂಕು. ನಮ್ಮ ಉಗ್ರಾಣದ ಬಾಗಿಲಿಗೆ ಎರಡು ಕೀಲಿ ಎಂಬುದು ನಿಮಗೆ ನೆನಪಿದೆಯಲ್ಲ. ದೊಡ್ಡದು ನನ್ನ ಹತ್ತಿರ, ಚಿಕ್ಕದು ನನ್ನ ಭಾವಮೈದುನನ ಹತ್ತಿರ. ಇಬ್ಬರೂ ನಿಂತು ತಿರುಗಿಸಿದರೇ ಬಾಗಿಲು ತೆರೆಯುವುದು. ಅವನು ಮೊನ್ನೆ ತಕ್ಕಡಿಯ ಮುಂದೆ ನಿಂತು, "ಭಾವ, ಇದಕ್ಕೇನು ಚಳಿಜ್ವರಾನಾ? ಒಂದು ಕಡೆ ನಿಲ್ಲೋದೇ ಇಲ್ಲ" ಅಂದ. "ಬಾಯಿ ಮುಚ್ಚಿಕೊಂಡು ನಿಂತ್ಕೋ. ನೀನು ಬಿಡೋ ಗಾಳಿಗೇ ಅದು ನಡುಗ್ತಿರೋದು" ಅಂದೆ. ಬಾಯಿ ಮುಚ್ಚಿದ. ತಕ್ಕಡಿ ನಿಂತಿತು! ಈಗ ಎಲ್ಲರೂ ಅವನನ್ನು ಬಿರುಗಾಳಿ ಅನ್ನುತ್ತಾರೆ.

ನೀವು ಕೊಟ್ಟ ತಂತಿಯ ಮುದ್ರೆಗಳನ್ನು ಎಲ್ಲ ಡಬ್ಬಿಗಳಿಗೂ ಹಾಕಿದ್ದಾಯಿತು. ಒಮ್ಮೆ ಒತ್ತಿದರೆ ಮುರಿಯದೆ ಬಿಚ್ಚಲಾಗದು ಎಂದು ವಿವರಿಸಿದ್ದಕ್ಕೆ ಮನೆಯವಳು, "ಹಾಗಾದ್ರೆ ನಮ್ಮ ಸಕ್ಕರೆ ಡಬ್ಬಕ್ಕೂ ಒಂದು ತನ್ನಿ. ನನ್ನ ತಮ್ಮ ಬಂದುಹೋದ ದಿನ ಅದರಲ್ಲಿ ಇರುವೆಗೂ ಏನೂ ಉಳಿಯಲ್ಲ" ಅಂದಳು.

ಈ ಕಾಗದ ನಿಮ್ಮ ಕೈ ಸೇರುವ ಮೊದಲು ನಮ್ಮ ಭದ್ರತಾ ಕಚೇರಿಯ ಮಹನೀಯರು ಓದುತ್ತಾರೆ. ಅವರಿಗೂ ನಮಸ್ಕಾರ.

ತಕ್ಕಡಿಯಣ್ಣ

*

೨೨ ಜನವರಿ ೧೯೯೭

ತಕ್ಕಡಿಯಣ್ಣನಿಗೆ,

ನೋಡಿ, ಹಾಗೇ ಕರೆದಿದ್ದೇನೆ. ನಿಮ್ಮ ಕಾಗದಗಳನ್ನು ನಮ್ಮಲ್ಲಿ ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದುತ್ತೇವೆ. ಬಿರುಗಾಳಿಯವರನ್ನು ನೋಡದೆಯೇ ನಾಲ್ಕು ಜನ ಅವರ ಅಭಿಮಾನಿಗಳಾಗಿದ್ದಾರೆ.

ನಿಮ್ಮ ವರ್ಷದ ಅಂಕಿಗಳು ಬಂದವು. ಒಂದು ತಿಂಗಳಲ್ಲೂ ವ್ಯತ್ಯಾಸ ಅರ್ಧ ಗ್ರಾಂ ದಾಟಿಲ್ಲ. ಸಮ್ಮೇಳನದಲ್ಲಿ ಪರದೆಯ ಮೇಲೆ ತೋರಿಸಿದಾಗ ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಹನ್ನೊಂದು ದೇಶಗಳ ಉಗ್ರಾಣಗಳಲ್ಲಿ ನಿಮ್ಮದೇ ಮೊದಲು. ನನ್ನ ಮೇಲಧಿಕಾರಿ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

ಕೇಳಲೋ ಬೇಡವೋ ಎಂದುಕೊಂಡ ಸಣ್ಣ ಮಾತೊಂದಿದೆ. ಆ ತಕ್ಕಡಿಯೇ ಒಂದು ಡಬ್ಬಿಗೆ ಒಂದು ಗ್ರಾಂ ಅತ್ತಿತ್ತ ಓಡಾಡುತ್ತದೆ. ಮುನ್ನೂರು ಡಬ್ಬಿ ತೂಗಿ ಕೂಡಿದರೆ ಮೊತ್ತ ಇನ್ನೂ ಹೆಚ್ಚು ಓಡಾಡಬೇಕು. ನಿಮ್ಮಲ್ಲಿ ಮಾತ್ರ ಅದು ಕಟ್ಟಿಹಾಕಿದ ಹಸುವಿನಂತೆ ನಿಂತಿದೆ. ಇದೇನು ನಿಮ್ಮ ಕೈಗುಣವೇ, ಅಣ್ಣ?

ನಿಮ್ಮ,
ದೂರದ ತಂಗಿ

*

೩ ಮಾರ್ಚ್ ೧೯೯೭

ತಂಗಿಗೆ,

ಕೈಗುಣ ಅಂದಿರಿ, ಅಜ್ಜಿ ನೆನಪಾದಳು. ಒಂದು ಕಥೆ ಹೇಳುತ್ತೇನೆ. ಮಹನೀಯರೂ ಕೇಳಿಸಿಕೊಳ್ಳಲಿ.

ನಮ್ಮ ಅಜ್ಜಿ ಹಳ್ಳಿಯಲ್ಲಿ ಕಾಳು ಅಳೆಯುವವಳು. ಯಾರ ಮನೆಯ ಕಾಳು ಯಾರ ಮನೆಗೆ ಹೋಗುವುದಿದ್ದರೂ ಅಜ್ಜಿಯ ಕೊಳಗದಲ್ಲಿ ಅಳೆದೇ ಹೋಗಬೇಕು. ಅವಳ ಅಳತೆಗೆ ಎದುರು ಮಾತಿಲ್ಲ. ನೂರು ಕೊಳಗ ಅಂದರೆ ನೂರೇ, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಸಣ್ಣವನು, ಮಡಿಲ ಹತ್ತಿರ ಕೂರುತ್ತಿದ್ದೆ. ಅವಳ ಸೆರಗಿನೊಳಗೆ ಯಾವಾಗಲೂ ಒಂದು ಹಿಡಿ ಕಾಳು. ಅಳತೆ ಹೆಚ್ಚಾದರೆ ನಾಲ್ಕು ಕಾಳು ಸೆರಗಿಗೆ ಜಾರುತ್ತಿದ್ದವು, ಕಡಿಮೆಯಾದರೆ ಸೆರಗಿನಿಂದ ಕೊಳಗಕ್ಕೆ. "ಅಜ್ಜೀ, ಇದು ಯಾರ ಕಾಳು?" ಅಂದೆ. "ಯಾರದೂ ಅಲ್ಲ ಕಣೋ. ಕೊಟ್ಟವನೂ ನಗಬೇಕು, ತಗೊಂಡವನೂ ನಗಬೇಕು, ಅದಕ್ಕೆ ಇಟ್ಟುಕೊಂಡಿರೋದು" ಅಂದಳು. ಅವಳು ಒಂದು ಕಾಳನ್ನೂ ಮನೆಗೆ ಒಯ್ಯಲಿಲ್ಲ. ಸತ್ತ ದಿನವೂ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಇತ್ತು. ಅದನ್ನು ಯಾರಿಗೆ ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಕಥೆ ಇಷ್ಟೇ. ನೀವು ಬುದ್ಧಿವಂತರು.

ತಕ್ಕಡಿಯಣ್ಣ

*

೨೮ ಮಾರ್ಚ್ ೧೯೯೭

ಅಣ್ಣನಿಗೆ,

ಎಂಥ ಚೆಂದದ ಕಥೆ! ಅಮ್ಮನಿಗೆ ಓದಿ ಹೇಳಿದೆ. "ಆ ಅಜ್ಜಿ ಈಗ ಇದ್ದಿದ್ರೆ ನಮ್ಮ ಮನೆ ಹಾಲಿನವನಿಗೆ ಬುದ್ಧಿ ಹೇಳ್ತಿದ್ಲು" ಅಂದಳು.

ಒಪ್ಪಂದವನ್ನು ಮುಂದುವರಿಸುವ ಸಭೆ ಮುಂದಿನ ವಾರ. ಹಣ ನಿಲ್ಲಿಸಬೇಕು ಎನ್ನುವವರೂ ಇದ್ದಾರೆ. ಅವರ ಬಾಯಿ ಮುಚ್ಚಿಸಲು ನಿಮ್ಮ ಉಗ್ರಾಣದ ಅಂಕಿಗಳನ್ನೇ ಮೊದಲ ಪುಟದಲ್ಲಿ ಹಾಕಿದ್ದೇವೆ. ಆಯಿತೆಂದರೆ ಜೂನ್‌ನಲ್ಲಿ ಬರುತ್ತೇನೆ.

ತಂಗಿ

*

೨೯ ಜುಲೈ ೧೯೯೭

ತಂಗಿಗೆ,

ನೀವು ಬಂದು ಹೋದ ಮೇಲೆ ನಿಮ್ಮ ಕಾಗದವಿಲ್ಲ. ಪೆಟ್ಟಿಗೆ ಈ ಸಲವೂ ದೇಶಾಂತರ ಹೋಯಿತೇ?

ಕೊನೆಯ ದಿನ ಉಗ್ರಾಣದಲ್ಲಿ ನೀವು ನೀರು ಕೇಳಿದಿರಿ. ಒಳಗೆ ನೀರಿಗೆ ಅಪ್ಪಣೆಯಿಲ್ಲ, ಆದರೂ ನೀವಲ್ಲವೇ ಎಂದು ಕ್ಯಾಂಟೀನಿನವರೆಗೆ ಹೋಗಿ ತಂದೆ. ಬರುವಷ್ಟರಲ್ಲಿ ನೀವು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಿರಿ. ಲೋಟ ಹಿಡಿದುಕೊಂಡಿರಿ, ಕುಡಿಯಲಿಲ್ಲ. ನಿಮಗೆ ಹುಷಾರಿರಲಿಲ್ಲವೇನೋ ಎಂದು ಮನೆಯವಳು ಕೇಳುತ್ತಲೇ ಇದ್ದಾಳೆ.

ಕೇಳಬೇಕಾದದ್ದು ಏನಾದರೂ ಇದ್ದರೆ ಕೇಳಿ. ನಾನು ಸುಳ್ಳು ಹೇಳುವವನಲ್ಲ.

ತಕ್ಕಡಿಯಣ್ಣ

*

೧೮ ಆಗಸ್ಟ್ ೧೯೯೭

ಅಣ್ಣನಿಗೆ,

ಪ್ರಯಾಣದ ಆಯಾಸ ಅಷ್ಟೇ. ಕೇಳುವುದೇನೂ ಇಲ್ಲ. ಇನ್ನೂರು ಹೊಸ ಮುದ್ರೆಗಳನ್ನು ಕಳಿಸಿದ್ದೇನೆ, ತಲುಪಿದ್ದಕ್ಕೆ ಸಹಿ ಮಾಡಿ ಕಳಿಸಿ. ಅತ್ತಿಗೆಯವರಿಗೆ ನನ್ನ ನಮಸ್ಕಾರ.

ತಂಗಿ

*

೨ ಡಿಸೆಂಬರ್ ೧೯೯೯

ಉಗ್ರಾಣದ ಮೇಲ್ವಿಚಾರಕರಿಗೆ,

ನಮ್ಮ ಎರಡು ಸರ್ಕಾರಗಳ ನಡುವಿನ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಸದಿರಲು ತೀರ್ಮಾನವಾಗಿದೆ. ಪತ್ರವ್ಯವಹಾರವೂ ಇಲ್ಲಿಗೆ ನಿಲ್ಲಬೇಕೆಂದು ಸೂಚನೆ ಬಂದಿದೆ. ತಕ್ಕಡಿ ಮತ್ತು ಉಳಿದ ಮುದ್ರೆಗಳು ನಿಮ್ಮಲ್ಲೇ ಇರಲಿ.

ಇಂತಿ,
ಮಾಪನ ವಿಭಾಗದ ವಿಜ್ಞಾನಿ

*

೧೧ ಜನವರಿ ೨೦೦೦

ತಂಗಿಗೆ,

ನಿಲ್ಲಬೇಕೆಂದು ಬರೆದಿರಿ. ಆದರೂ ಒಂದನ್ನು ಬರೆಯುತ್ತೇನೆ, ಕಳಿಸುವುದು ಬಿಡುವುದು ಮಹನೀಯರ ದಯೆ.

ಮುದ್ರೆಗಳು ನಲವತ್ತಮೂರು ಉಳಿದಿವೆ. ಮನೆಯ ಕೊನೆಯ ಬೆಂಕಿಪೊಟ್ಟಣದ ಹಾಗೆ ಎಣಿಸಿ ಎಣಿಸಿ ಬಳಸುತ್ತಿದ್ದೇವೆ. ತಕ್ಕಡಿ ಚೆನ್ನಾಗಿದೆ. ಸೋಮವಾರ ಹತ್ತು ಸಲ ತೂಗುವುದನ್ನು ಬಿಟ್ಟಿಲ್ಲ.

ನಿಮಗೆ ಎದುರು ಕೂತು ಹೇಳಬೇಕಾದ ಒಂದು ಮಾತಿತ್ತು. ಜೂನ್‌ನಲ್ಲಿ ಹೇಳೋಣ, ಮುಂದಿನ ಜೂನ್‌ನಲ್ಲಿ ಹೇಳೋಣ ಎಂದುಕೊಂಡೇ ಮೂರು ವರ್ಷ ಕಳೆದೆ. ಕಾಗದದಲ್ಲಿ ಹೇಳುವ ಮಾತಲ್ಲ ಅದು.

ತಕ್ಕಡಿಯಣ್ಣ

*

೧೭ ಮೇ ೨೦೦೪

ತಂಗಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಈ ಸಲ ಸೂಚನೆ ಮೀರಿ ಅಲ್ಲ. ನಮ್ಮ ಹೊಸ ಮುಖ್ಯಸ್ಥರು ಮೇಜಿನ ಆ ಕಡೆ ಕೂತಿದ್ದಾರೆ. ಬರೆದು ಮುಗಿಸಿದರೆ ಅವರೇ ಕಳಿಸುತ್ತಾರೆ.

ಆ ಮಾತನ್ನು ಈಗ ಹೇಳುತ್ತೇನೆ. ಕೊನೆಯ ಸಾಲಿನ ಕೆಳಗಿನ ಹಲಗೆಯ ಮೇಲೆ, ಗೋಣಿಚೀಲದಲ್ಲಿ ಕಟ್ಟಿಟ್ಟ ಒಂದು ಡಬ್ಬಿ ಇತ್ತು. ಯಾವ ಪುಸ್ತಕದಲ್ಲೂ ಇಲ್ಲದ್ದು. ನನಗೆ ಕೆಲಸ ಕಲಿಸಿದ ಹಿರಿಯರು ಹೋಗುವಾಗ ನನ್ನ ಕೈಯನ್ನು ಅದರ ಮೇಲಿಟ್ಟು, "ಇದನ್ನ ಎಲ್ಲೂ ಬರೀಬೇಡ. ಇದು ಇದ್ರೆ ಉಳಿದದ್ದನ್ನೆಲ್ಲ ಸರಿಯಾಗಿ ಬರೀಬಹುದು" ಅಂದರು. ಅವರ ಕಾಲದಲ್ಲಿ ತಿಂಗಳ ಕೊನೆಗೆ ಎರಡು ಗ್ರಾಂ ಕಡಿಮೆ ಬಂದರೆ ಇಡೀ ವಿಭಾಗವನ್ನು ನಿಲ್ಲಿಸಿ ವಿಚಾರಿಸುತ್ತಿದ್ದರು, ಒಬ್ಬಿಬ್ಬರು ಮನೆಗೆ ಮರಳಲಿಲ್ಲವಂತೆ. ಹಾಗಾಗಿ ಹೆಚ್ಚು ಬಂದದ್ದು ಆ ಡಬ್ಬಿಗೆ, ಕಡಿಮೆ ಬಿದ್ದದ್ದು ಆ ಡಬ್ಬಿಯಿಂದ. ನಿಮ್ಮ ಪರದೆಯ ಮೇಲಿನ ಅರ್ಧ ಗ್ರಾಂ ಹೆಮ್ಮೆ ಎಲ್ಲ ಆ ಗೋಣಿಚೀಲದ್ದು. ಅಜ್ಜಿಯ ಸೆರಗು.

ನಾನು ಇನ್ನೆರಡು ತಿಂಗಳಿಗೆ ನಿವೃತ್ತನಾಗುತ್ತೇನೆ. ಹಿರಿಯರು ನನಗೆ ಮಾಡಿದ್ದನ್ನು ನಾನು ಇನ್ನೊಬ್ಬರಿಗೆ ಮಾಡಬಾರದು, ಡಬ್ಬಿಯನ್ನು ಮುಖ್ಯಸ್ಥರ ಮುಂದಿಟ್ಟು ಪುಸ್ತಕಕ್ಕೆ ಸೇರಿಸಿಯೇ ಹೋಗಬೇಕು ಎಂದು ನಿಶ್ಚಯಿಸಿದೆ. ಭಾವಮೈದುನನಿಗೂ ಹೇಳಿದೆ. ಅವನಿಗೆ ಇನ್ನೂ ಆರು ವರ್ಷದ ನೌಕರಿ. ಅವನು ಆ ದಿನ ಒಂದು ಮಾತೂ ಆಡಲಿಲ್ಲ. ಬಿರುಗಾಳಿ ಮಾತಾಡದೆ ಇದ್ದದ್ದರ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ಅದೇ ವಾರ ಮನೆಯವಳಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಹಗಲು ಆಸ್ಪತ್ರೆಯಲ್ಲಿರಬೇಕಾಯಿತು. ನನ್ನ ಕೀಲಿಯನ್ನು ಅವನ ಕೈಗೇ ಕೊಟ್ಟುಹೋದೆ. ಎರಡು ಕೀಲಿ ಒಬ್ಬನ ಕೈಗೆ ಹೋಗಬಾರದು ಎಂಬುದೇ ನಮ್ಮ ಉಗ್ರಾಣದ ಮೊದಲ ನಿಯಮ. ಮನೆಯ ಮಗನಲ್ಲವೇ ಎಂದುಕೊಂಡೆ. ಐದನೆಯ ದಿನ ಬಂದು ನೋಡಿದರೆ ಹಲಗೆ ಖಾಲಿ.

ಕಾಣೆಯಾಗಿದೆ ಎನ್ನಬೇಕಾದರೆ ಇತ್ತು ಎಂದು ಮೊದಲು ಹೇಳಬೇಕು. ಹೋಗಿ ಹೇಳಿದೆ. ಮುಖ್ಯಸ್ಥರು ಅವನನ್ನು ಕರೆಸಿದರು. ಅವನು ನನ್ನ ಕಡೆ ನೋಡದೆ, "ಯಾವ ಡಬ್ಬಿ ಸಾರ್? ಅಂಥದ್ದೇನೂ ಇರ್ಲಿಲ್ಲ. ಭಾವನಿಗೆ ವಯಸ್ಸಾಯ್ತು, ಅಕ್ಕನ ಆಪರೇಷನ್ ಚಿಂತೇಲಿ ಏನೇನೋ ಹೇಳ್ತಾರೆ" ಅಂದ. ಮುಖ್ಯಸ್ಥರು ಪುಸ್ತಕಗಳನ್ನೆಲ್ಲ ತಿರುವಿದರು. "ಕಾಗದದಲ್ಲಿ ಇಲ್ಲದ್ದನ್ನ ಎಲ್ಲಿ ಅಂತ ಹುಡುಕಿಸ್ಲಿ, ತಕ್ಕಡಿಯಣ್ಣ? ಒಬ್ಬರಾದ್ರೂ ಕಂಡೋರು ಇದ್ದಾರಾ?" ಅಂದರು.

ಇದ್ದಾರೆ ಅಂದೆ.

ತಂಗಿ, ೧೯೯೭ರ ಜೂನ್‌ನಲ್ಲಿ ನಾನು ನೀರು ತರಲು ಹೋದಾಗ ಇವನು ಬಾಗಿಲ ಹೊರಗೆ ಕಾವಲಿನವನ ಜೊತೆ ಹರಟುತ್ತಿದ್ದ. ನಾನು ತಿರುಗಿ ಬಂದಾಗ ಗೋಣಿಚೀಲದ ಗಂಟು ನನ್ನದಾಗಿರಲಿಲ್ಲ. ನಾನು ಎಡಗೈಯಲ್ಲಿ ಕಟ್ಟುವವನು, ನನ್ನ ಗಂಟಿನ ಕಿವಿ ಗೋಡೆಯ ಕಡೆ ಬೀಳುತ್ತದೆ. ಅದು ಬಾಗಿಲ ಕಡೆ ಬಿದ್ದಿತ್ತು. ನೀವು ಬಿಚ್ಚಿ ನೋಡಿದಿರಿ ಎಂದು ನನಗೆ ಅವತ್ತೇ ಗೊತ್ತು. ನೀವಾಗಿ ಕೇಳಲಿ, ಹೇಳಿಬಿಡುತ್ತೇನೆ ಎಂದು ಕಾದೆ. ನೀವು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದು ಒಳಗೊಳಗೇ ಸಮಾಧಾನವೂ ಪಟ್ಟೆ. ಆ ಸಮಾಧಾನಕ್ಕೆ ಈಗ ನಾಚಿಕೆಯಾಗುತ್ತದೆ.

ನೋಡಿದ್ದು ನಿಜವಾದರೆ ಬರೆದು ಕಳಿಸಿ. ನಿಮ್ಮ ಮೇಲೆ ಏನು ಬರುತ್ತದೆ ಎಂದು ತಿಳಿದೇ ಕೇಳುತ್ತಿದ್ದೇನೆ. ಆ ಡಬ್ಬಿ ಎಲ್ಲಿದೆಯೋ, ಯಾರ ಕೈಯಲ್ಲಿದೆಯೋ.

ತಕ್ಕಡಿಯಣ್ಣ

*

೮ ಜೂನ್ ೨೦೦೪

ಅಣ್ಣನಿಗೆ,

ಇದರ ಒಂದು ಪ್ರತಿಯನ್ನು ನಿಮ್ಮ ಮುಖ್ಯಸ್ಥರಿಗೂ ಇನ್ನೊಂದನ್ನು ನನ್ನ ಮೇಲಧಿಕಾರಿಗೂ ಕೊಟ್ಟಿದ್ದೇನೆ.

ಡಬ್ಬಿ ಇತ್ತು. ಬೂದು ಬಣ್ಣ, ಮುಚ್ಚಳದ ಅಂಚಿನಲ್ಲಿ ಒಂದು ನಗ್ಗು. ನಾನು ಅದನ್ನು ನೋಡಿದ್ದಷ್ಟೇ ಅಲ್ಲ, ತೂಗಿದೆ. ನೀರು ಬೇಕೆಂದದ್ದು ಅದಕ್ಕೇ. ನನಗೆ ಬಾಯಾರಿರಲಿಲ್ಲ. ಮುಚ್ಚಳ ಸಮೇತ ಸಾವಿರದ ಮುನ್ನೂರ ಎಂಬತ್ತಾರು ಗ್ರಾಂ. ತಾರೀಖು ೧೯೯೭ ಜೂನ್ ೨೬. ಟಿಪ್ಪಣಿ ಪುಸ್ತಕದ ಆ ಹಾಳೆಯನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಒಂದೇ ಸಲ ತೂಗಿದೆ. ಹತ್ತು ಸಲ ತೂಗಿ ಎಂದು ದೇಶದೇಶಗಳಲ್ಲಿ ಪಾಠ ಹೇಳಿಕೊಂಡು ಬಂದವಳು, ನಿಮ್ಮ ಹೆಜ್ಜೆ ಸಪ್ಪಳಕ್ಕೆ ಹೆದರಿ ಒಂದೇ ಸಲ ತೂಗಿದೆ.

ಅಜ್ಜಿಯ ಕಥೆ ಓದಿದ ದಿನವೇ ನನಗೆ ಅರ್ಥವಾಗಿತ್ತು. ಅದಕ್ಕೂ ಮೊದಲೇ, ಅಂಕಿಗಳನ್ನು ನೋಡಿದಾಗಲೇ ಅನುಮಾನವಿತ್ತು. ಅಷ್ಟು ಚೊಕ್ಕವಾದ ಲೆಕ್ಕ ತೂಗಿದ್ದಲ್ಲ, ಹೊಂದಿಸಿದ್ದು ಎಂದು ನನ್ನ ವಿದ್ಯಾರ್ಥಿಗಳಿಗೂ ಗೊತ್ತಾಗುತ್ತದೆ. ಆದರೆ ಮುಂದಿನ ವಾರ ಸಭೆ ಇತ್ತು. ನಿಮ್ಮ ಅಂಕಿಗಳು ಮೊದಲ ಪುಟದಲ್ಲಿದ್ದವು. ಅವು ಸುಳ್ಳೆಂದರೆ ನಮ್ಮ ಒಪ್ಪಂದದ ಜೊತೆ ಉಳಿದ ದೇಶಗಳದೂ ಬೀಳುತ್ತಿತ್ತು, ಹನ್ನೊಂದು ಉಗ್ರಾಣಗಳ ಬೀಗ ಹಳೆಯ ಬೀಗವಾಗಿಯೇ ಉಳಿಯುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದೂ ಹೇಳಿಕೊಂಡೆ. ಅಮ್ಮನ ಹೆಸರು ಹಿಡಿದು ಹಾಲಿನವನ ಮಾತು ಬರೆದೆನಲ್ಲ, ಅದೂ ಸುಳ್ಳು. ಅಮ್ಮ ಕಥೆ ಕೇಳಿ, "ಪಾಪ, ಆತ ನಿನ್ನ ಹತ್ರ ಏನೋ ಹೇಳ್ಕೋಬೇಕು ಅಂತಿದ್ದಾನೆ ಕಣೇ, ಕೇಳು" ಅಂದಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು.

ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆಗ ಒಪ್ಪಂದವಿತ್ತು, ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂರಬಹುದಿತ್ತು.

ತಂಗಿ

*

೩೦ ಆಗಸ್ಟ್ ೨೦೦೪

ತಂಗಿ,

ಇನ್ನು ಮೇಲೆ ನೀನು ಎನ್ನುತ್ತೇನೆ. ನೀವು ಎಂದು ಎಂಟು ವರ್ಷ ಮರ್ಯಾದೆ ಮಾಡಿದ್ದರಿಂದ ನಮಗಿಬ್ಬರಿಗೂ ಒಳ್ಳೆಯದಾಗಲಿಲ್ಲ.

ನಿನ್ನ ಹಾಳೆ ಬಂದ ದಿನವೇ ಮುಖ್ಯಸ್ಥರು ಎಲ್ಲ ಗೇಟುಗಳನ್ನೂ ಮುಚ್ಚಿಸಿದರು. ಅರವತ್ತು ಜನ ವಿಕಿರಣ ಅಳೆಯುವ ಯಂತ್ರ ಹಿಡಿದು ನಾಲ್ಕು ದಿನ ಹುಡುಕಿದರು. ಹಳೆಯ ಪಂಪ್ ಮನೆಯಲ್ಲಿ, ಕೆಟ್ಟುನಿಂತ ಸೋಸುಪೆಟ್ಟಿಗೆಯೊಳಗೆ ಸಿಕ್ಕಿತು. ಸುತ್ತಿದ್ದ ಸ್ವೆಟರ್ ಅವನದು, ಮನೆಯವಳೇ ಹೆಣೆದು ಕೊಟ್ಟದ್ದು. ಕಾಂಪೌಂಡ್ ದಾಟಿರಲಿಲ್ಲ. ಮಾರಬೇಕೆಂದಾಗಲಿ ಕೊಡಬೇಕೆಂದಾಗಲಿ ಅವನ ತಲೆಯಲ್ಲಿರಲಿಲ್ಲವಂತೆ. "ನೀನು ಒಪ್ಪಿಕೊಂಡು ಮನೇಲಿ ಕೂರ್ತೀಯ ಭಾವ, ಮುಂದೆ ಉತ್ತರ ಕೊಡ್ಬೇಕಾದೋನು ನಾನಲ್ವಾ? ನನ್ನನ್ನೊಂದು ಸಲ ಕೇಳ್ಬೇಕು ಅನ್ನಿಸಲಿಲ್ವಾ?" ಅಂದ. ಅನ್ನಿಸಲಿಲ್ಲ. ಅದೂ ನಿಜ.

ಅವನ ಕೆಲಸ ಹೋಯಿತು, ಕೇಸು ನಡೆಯುತ್ತಿದೆ. ನನಗೆ ಬೀಳ್ಕೊಡುಗೆ ಆಗಲಿಲ್ಲ. ವಿಚಾರಣೆಗೆ ಕರೆದಾಗ ಹೋಗಿ ಬೆಂಚಿನ ಮೇಲೆ ಕೂತು ಬರುತ್ತೇನೆ. ಮನೆಯವಳಿಗೆ ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತದೆ, ಆದರೆ ನನ್ನ ಮುಖ ನೋಡುವುದಿಲ್ಲ. ಊಟಕ್ಕೆ ಬಡಿಸುತ್ತಾಳೆ. "ಇನ್ನೂ ಬೇಕಾ?" ಎಂದು ತಟ್ಟೆಯನ್ನು ಕೇಳುತ್ತಾಳೆ. ನಿನ್ನನ್ನು ಆ ಕೆಲಸದಿಂದ ತೆಗೆದು ಗ್ರಂಥಾಲಯದಲ್ಲಿ ಕೂರಿಸಿದ್ದಾರೆಂದು ಮುಖ್ಯಸ್ಥರು ಹೇಳಿದರು.

ಡಬ್ಬಿ ಸಿಕ್ಕ ದಿನ ಅದನ್ನು ತೂಗಲು ನನ್ನನ್ನೇ ಕರೆದರು, ನಿನ್ನ ತಕ್ಕಡಿ ಬೇರೆ ಯಾರ ಕೈಗೂ ಒಗ್ಗಿಲ್ಲ. ಇಬ್ಬರು ಕಾವಲಿನವರು, ಮುಖ್ಯಸ್ಥರು, ನಾನು. ನಿನ್ನ ಅಂಕಿಗೆ ಅರವತ್ತೊಂದು ಗ್ರಾಂ ಕಡಿಮೆ. ಎಲ್ಲರೂ ನನ್ನ ಮುಖ ನೋಡಿದರು. "ನೀವೇ ತೆಗೆದು ಹೊಂದಿಸಿದ್ದಾ ಅಥವಾ ಹೊರಗೆ ಹೋಗಿದ್ದಾ?" ಎಂದು ಮುಖ್ಯಸ್ಥರು ಕೇಳಿದರು. ಏಳು ವರ್ಷದಲ್ಲಿ ಎಷ್ಟು ಹಾಕಿದೆ, ಎಷ್ಟು ತೆಗೆದೆ ಎಂದು ನಾನು ಬರೆದಿಟ್ಟಿಲ್ಲ. ಬರೆಯಬಾರದು ಎಂಬುದೇ ಆ ಡಬ್ಬಿಯ ಕಟ್ಟಳೆಯಾಗಿತ್ತು. ನಾನೇ ತೆಗೆದದ್ದು ಎಂದು ಅನ್ನಿಸುತ್ತದೆ. ಅನ್ನಿಸುವುದು ಲೆಕ್ಕವಲ್ಲ. ಅವನೂ ಆಣೆ ಮಾಡಿ ತಾನು ಮುಟ್ಟಿಲ್ಲ ಎನ್ನುತ್ತಾನೆ. ನಂಬುತ್ತೇನೆ ಎಂದು ಅವನ ಅಕ್ಕನ ಮುಂದೆ ಹೇಳಿದೆ. ಆದರೆ ಬೀದಿಯಲ್ಲಿ ಯಾರಾದರೂ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಡೆಯುವುದು ಕಂಡರೆ ನನ್ನ ಕಣ್ಣು ಆ ಜೇಬಿಗೇ ಹೋಗುತ್ತದೆ. ಆ ಅರವತ್ತೊಂದು ಗ್ರಾಂ ನನ್ನ ಜೊತೆಗೇ ಮಣ್ಣಿಗೆ ಹೋಗಬೇಕು.

"ಸರಿ, ಒಂದು ಅಂಕಿ ಬರೆದು ಮುಗಿಸಿ" ಅಂದರು ಮುಖ್ಯಸ್ಥರು. "ಇನ್ನೂ ಒಂಬತ್ತು ಸಲ ತೂಗಬೇಕು ಸಾರ್" ಅಂದೆ. ಕಾವಲಿನವರಿಗೆ ಬಾಯಿ ಮುಚ್ಚಿಕೊಂಡು ನಿಲ್ಲಲು ಹೇಳಿದೆ. ಇಟ್ಟೆ, ತೆಗೆದೆ, ಇಟ್ಟೆ, ತೆಗೆದೆ. ಹತ್ತು ಸಲವೂ ಬೇರೆ ಬೇರೆ ಬಂತು. ಹತ್ತನ್ನೂ ಬರೆದೆ. ಸರಾಸರಿ ತೆಗೆದು, ವ್ಯತ್ಯಾಸದ ಮನೆಯಲ್ಲಿ ಅರವತ್ತೊಂದು ಎಂದು ಬರೆದು, ಕೆಳಗೆ ಸಹಿ ಮಾಡಿ, ಕೀಲಿಯನ್ನು ಮೇಜಿನ ಮೇಲಿಟ್ಟು ಬಂದೆ.

ಅಣ್ಣ